ನ್ಯಾವಿಗೇಶನ್ ಇದ್ದರೆ ಅಮ್ಮನ ಕಾಲಿಗೆ ಭಯವಿಲ್ಲವೇ?

ಪ್ರಶ್ನೆ: ನಮ್ಮದು ಬೆಳ್ತಂಗಡಿ ತಾಲೂಕಿನ ಹಳ್ಳಿ. ಅಮ್ಮನಿಗೆ 59 ವರ್ಷ. ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ಸೊಂಟನೋವು ಮೊದಲಿನಿಂದಲೂ ಉಂಟು. ಕಳೆದ ಮಳೆಗಾಲದಿಂದ ಎಡಗಾಲಿಗೆ ಸೆಳೆತ, ಜೋಮು. ಮನೆಯಿಂದ ಬಸ್ ಸ್ಟಾಪಿಗೆ ಹೋಗುವಷ್ಟರಲ್ಲಿ ಎರಡು ಸಲ ಕೂತುಕೊಳ್ಳಬೇಕಾಗ್ತದೆ. ಸ್ವಲ್ಪ ಕೂತರೆ ಪುನಃ ನಡೀತಾರೆ. ಮಂಗಳೂರಿನಲ್ಲಿ ಎಂ.ಆರ್.ಐ. ಮಾಡಿಸಿದೆವು. ಸೊಂಟದ ನಾಲ್ಕನೇ ಮೂಳೆ ಐದನೆಯದರ ಮೇಲೆ ಮುಂದಕ್ಕೆ ಜಾರಿದೆ, ನರದ ದಾರಿ ಕಿರಿದಾಗಿದೆ, ಸ್ಕ್ರೂ ಹಾಕುವ ಆಪರೇಶನ್ ಆಗಬೇಕು ಅಂತ ಡಾಕ್ಟ್ರು ಹೇಳಿದ್ದಾರೆ. "ನ್ಯಾವಿಗೇಶನ್ ಇಟ್ಟು ಮಾಡ್ತೇವೆ, ಹೆದರಬೇಡಿ" ಅಂದರು. ಬಂಟ್ವಾಳದ ಸಿದ್ದಕಟ್ಟೆಯಲ್ಲಿ ದೊಡ್ಡಮ್ಮನ ನೆರೆಮನೆಯವರಿಗೆ ಇಂಥದ್ದೇ ಆಪರೇಶನ್ ಆಗಿ ಈಗ ಒಂದು ಪಾದ ಎತ್ತಲಿಕ್ಕೆ ಆಗುವುದಿಲ್ಲ. ಮೂಡುಬಿದಿರೆಯ ಸೋದರಮಾವ, "ಬೆನ್ನಿಗೆ ಕತ್ತಿ ಹಾಕಿಸಿದರೆ ಮತ್ತೆ ಮಲಗಿದಲ್ಲೇ, ನಾಟಿ ವೈದ್ಯರ ಹತ್ತಿರ ತಿಕ್ಕಿಸುವ" ಅಂತಾರೆ. ಅಣ್ಣ ದುಬೈಯಲ್ಲಿದ್ದಾನೆ. "ರೋಬೋಟ್ ಇರುವ ಆಸ್ಪತ್ರೆಗೆ ಬೆಂಗಳೂರಿಗೇ ಕರ್ಕೊಂಡು ಹೋಗು, ದುಡ್ಡು ನಾನು ಕಳಿಸ್ತೇನೆ" ಅಂತಾನೆ. ಈ ನ್ಯಾವಿಗೇಶನ್ ಅಂದರೆ ಎಂತ? ಅದು ಇದ್ದರೆ ಅಮ್ಮನ ಕಾಲಿಗೆ ಏನೂ ಆಗುವುದಿಲ್ಲ ಅಂತ ನಂಬಬಹುದಾ? ನನಗೆ ರಾತ್ರಿ ನಿದ್ದೆ ಇಲ್ಲ.
— ಹೆಸರು ಬೇಡ, ಬೆಳ್ತಂಗಡಿ ತಾಲೂಕು

ತಂಗೀ,

ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಅಮ್ಮನಿಗೆ ಮೂತ್ರ ಕಟ್ಟುವುದು, ತಿಳಿಯದೆ ಮೂತ್ರವೋ ಮಲವೋ ಹೋಗುವುದು, ಕೂರುವ ಜಾಗದಲ್ಲಿ ಮುಟ್ಟಿದರೆ ಗೊತ್ತಾಗದಿರುವುದು, ಪಾದದ ಬಲ ದಿನೇ ದಿನೇ ಕುಗ್ಗುವುದು, ಇವುಗಳಲ್ಲಿ ಯಾವುದಾದರೂ ಉಂಟೇ? ಇದ್ದರೆ ಉಳಿದದ್ದನ್ನು ಆಮೇಲೆ ಓದಿ, ಇವತ್ತೇ ಮಂಗಳೂರಿಗೆ ಹೊರಡಿ. ಅಂಥ ಸ್ಥಿತಿಯಲ್ಲಿ ನರದ ಮೇಲಿನ ಒತ್ತಡ ತೆಗೆಯಲು ಗಂಟೆಗಳ ಲೆಕ್ಕ ಇರುತ್ತದೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ. ಆದ್ದರಿಂದ ಯೋಚಿಸಿ ತೀರ್ಮಾನಿಸಲು ನಿಮಗೆ ಸಮಯ ಉಂಟು ಎಂದುಕೊಂಡೇ ಬರೆಯುತ್ತಿದ್ದೇನೆ.

ನಡೆದರೆ ಕಾಲು ಸೆಳೆಯುವುದು, ಕೂತರೆ ಸಮಾಧಾನ ಆಗುವುದು, ಇದು ನರದ ದಾರಿ ಕಿರಿದಾದವರು ಹೇಳುವ ಮಾತೇ. ವಯಸ್ಸಿನ ಸವೆತದಿಂದ ಮೂಳೆ ಜಾರುವುದು ಐವತ್ತು ದಾಟಿದ ಹೆಂಗಸರಲ್ಲಿ ಹೆಚ್ಚು. ಜಾರುವ ಜಾಗವೂ ಸಾಮಾನ್ಯವಾಗಿ ಇದೇ, ಸೊಂಟದ ನಾಲ್ಕು ಮತ್ತು ಐದನೇ ಮೂಳೆಗಳ ನಡುವೆ. ವರ್ಷಗಟ್ಟಲೆ ತಡ್ಪೆ ಎಂಬ ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತ ಬಗ್ಗಿ ಕೂತವರಿಗೆ ಸೊಂಟನೋವು ಬರುವುದು ಸಹಜ. ಆದರೆ ಮೂಳೆ ಜಾರಿದ್ದು ಬೀಡಿ ಕಟ್ಟಿದ್ದರಿಂದಲೇ ಎಂದು ಯಾರೂ ಖಚಿತವಾಗಿ ಹೇಳಲಾರರು. ಮಕ್ಕಳನ್ನು ಸಾಕಲು ಮಾಡಿದ ಕೆಲಸವೇ ತನ್ನ ಕಾಲು ತಿಂದಿತು ಎಂದು ಅಮ್ಮ ಕೊರಗುತ್ತಿದ್ದರೆ ಈ ಮಾತನ್ನು ಅವರಿಗೆ ಹೇಳಿ.

ಈಗ ನ್ಯಾವಿಗೇಶನ್ ವಿಷಯ. ಬೆನ್ನಿನ ಪ್ರತಿಯೊಂದು ಮೂಳೆಗೂ ಹಿಂದುಗಡೆ ಎಡಕ್ಕೊಂದು ಬಲಕ್ಕೊಂದು ಗಿಡ್ಡ ಕಂಬದಂಥ ಭಾಗ ಇರುತ್ತದೆ. ವೈದ್ಯರು ಅದನ್ನು ಪೆಡಿಕಲ್ ಎನ್ನುತ್ತಾರೆ. ಸ್ಕ್ರೂ ಹೋಗುವುದು ಅದರ ಒಳಗಿನಿಂದಲೇ. ಒಳಬದಿಯಲ್ಲಿ ನರಗಳ ಕಾಲುವೆ, ಕೆಳಬದಿಯಲ್ಲಿ ಹೊರಗೆ ಹೊರಡುವ ನರ. ಪೆಡಿಕಲ್ ಮೂಲಕ ಸ್ಕ್ರೂ ಹಾಕುವ ವಿಧಾನವನ್ನು ಫ್ರಾನ್ಸಿನ ರೇಮಂಡ್ ರಾಯ್-ಕಮೀಲ್ 1963ರಲ್ಲಿ ಶುರುಮಾಡಿದರು. ಅಲ್ಲಿಂದ ಹಲವು ದಶಕ ಶಸ್ತ್ರವೈದ್ಯರು ಮೂಳೆಯ ಗುರುತು ನೋಡಿ, ಕೈಗೆ ಸಿಗುವ ಸ್ಪರ್ಶ ನಂಬಿ, ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದಲ್ಲಿ ಆಗಾಗ ಪರೀಕ್ಷಿಸಿಕೊಂಡು ಸ್ಕ್ರೂ ಹಾಕುತ್ತ ಬಂದಿದ್ದಾರೆ. ಇವತ್ತಿಗೂ ಬಹಳಷ್ಟು ಕಡೆ ಹೀಗೆಯೇ ನಡೆಯುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ.

1990ರ ದಶಕದಲ್ಲಿ ಇದಕ್ಕೆ ಕಂಪ್ಯೂಟರ್ ಸೇರಿತು. ಅಮ್ಮನನ್ನು ಕವುಚಿ ಮಲಗಿಸಿದ ಮೇಲೆ ಬೆನ್ನುಮೂಳೆಗೋ ಸೊಂಟದ ಎಲುಬಿಗೋ ಒಂದು ಸಣ್ಣ ಚೌಕಟ್ಟು ಬಿಗಿಯುತ್ತಾರೆ. ಅದರಲ್ಲಿ ಬೆಳಕನ್ನು ಹಿಂದಕ್ಕೆ ಕಳಿಸುವ ಪುಟ್ಟ ಗುಂಡುಗಳು ಇರುತ್ತವೆ. ಮೇಜಿನ ಮೇಲೆಯೇ ಸಿ.ಟಿ.ಯಂಥ ಸ್ಕ್ಯಾನ್ ತೆಗೆಯುತ್ತಾರೆ. ಹತ್ತಿರದಲ್ಲಿ ನಿಂತ ಇನ್‌ಫ್ರಾರೆಡ್ ಕ್ಯಾಮೆರಾ ಆ ಚೌಕಟ್ಟನ್ನೂ ಡಾಕ್ಟರ ಕೈಯ ಉಪಕರಣವನ್ನೂ ಒಟ್ಟಿಗೆ ನೋಡುತ್ತಾ ಇರುತ್ತದೆ. ಉಪಕರಣದ ತುದಿ ಮೂಳೆಯ ಒಳಗೆ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಎಂಬುದು ಪರದೆಯ ಮೇಲೆ ಮೂರು ದಿಕ್ಕಿನಿಂದ ಕಾಣುತ್ತದೆ. ರೋಬೋಟ್ ಎನ್ನುವುದು ಇದರ ಮುಂದಿನ ಹೆಜ್ಜೆ. ಮೊದಲೇ ಗುರುತಿಸಿದ ದಾರಿಯಲ್ಲಿ ಒಂದು ಯಂತ್ರದ ತೋಳು ಕೊಳವೆಯನ್ನು ಅಲುಗಾಡದಂತೆ ಹಿಡಿಯುತ್ತದೆ. ಆಪರೇಶನ್ ಮಾಡುವವರು ಆಗಲೂ ಡಾಕ್ಟರೇ.

ಇದರಿಂದ ಪ್ರಯೋಜನ ಉಂಟೇ ಎಂದರೆ, ಉಂಟು. ಫಿನ್ಲೆಂಡಿನಲ್ಲಿ 100 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಳೆಯ ವಿಧಾನದಲ್ಲಿ ಹಾಕಿದ ಸ್ಕ್ರೂಗಳಲ್ಲಿ ಶೇಕಡಾ 13.4ರಷ್ಟು ಪೆಡಿಕಲ್‌ನ ಗೋಡೆ ದಾಟಿದ್ದವು. ಕಂಪ್ಯೂಟರ್ ನೆರವಿನಲ್ಲಿ ಅದು 4.6ಕ್ಕೆ ಇಳಿಯಿತು. ನಮಗೆ ಹತ್ತಿರದ ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಅಂತರ ಇನ್ನೂ ದೊಡ್ಡದು. ನ್ಯಾವಿಗೇಶನ್ ಇಲ್ಲದೆ ಗೋಡೆ ದಾಟಿದ್ದು ಶೇಕಡಾ 23, ಇಟ್ಟುಕೊಂಡಾಗ ಶೇಕಡಾ 2.

ಆದರೆ ಕೊಯಮತ್ತೂರಿನ ಆ ರೋಗಿಗಳು ಯಾರು ಎಂಬುದನ್ನು ನೋಡಬೇಕು. ಬೆನ್ನು ಸೊಟ್ಟಗಾದವರು, ಗೂನಾದವರು. ಸ್ಕ್ರೂ ಹಾಕಿದ್ದು ಎದೆಯ ಹಿಂದಿನ ಮೂಳೆಗಳಿಗೆ. ಅಲ್ಲಿ ಪೆಡಿಕಲ್ ಕೆಲವೆಡೆ ನಾಲ್ಕೈದು ಮಿಲಿಮೀಟರ್ ಅಗಲವಷ್ಟೇ, ಪಕ್ಕದಲ್ಲಿಯೇ ಬೆನ್ನುಹುರಿ. ಅಮ್ಮನಿಗೆ ಹಾಕಬೇಕೆಂದಿರುವ ಜಾಗದಲ್ಲಿ ಪೆಡಿಕಲ್ ದಪ್ಪ, ಸಾಮಾನ್ಯವಾಗಿ ಒಂದು ಸೆಂಟಿಮೀಟರ್ ಅಥವಾ ಇನ್ನೂ ಹೆಚ್ಚು. ಸ್ಕ್ರೂ ಸುಮಾರು ಒಂದು ಪೆನ್ಸಿಲಿನಷ್ಟು ದಪ್ಪ. ಗೋಡೆ ದಾಟಿದ ಸ್ಕ್ರೂಗಳೆಲ್ಲ ನರಕ್ಕೆ ತಾಗುವುದೂ ಇಲ್ಲ. ಎರಡು ಮಿಲಿಮೀಟರಿಗಿಂತ ಕಡಿಮೆ ದಾಟಿದವು ಬಹುತೇಕ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಸೊಟ್ಟಗಾದ ಬೆನ್ನು, ಮೊದಲೇ ಒಮ್ಮೆ ಆಪರೇಶನ್ ಆದ ಬೆನ್ನು, ಎದೆ ಮತ್ತು ಕುತ್ತಿಗೆಯ ಮೂಳೆಗಳು, ಇಂಥಲ್ಲಿ ನನ್ನ ಮನೆಯವರಿಗಾದರೆ ನಾನು ನ್ಯಾವಿಗೇಶನ್ ಬೇಕೆಂದು ಹಟ ಹಿಡಿಯುತ್ತಿದ್ದೆ. ಸೊಂಟದ ಒಂದೇ ಸಂದಿಗೆ ನಾಲ್ಕು ಸ್ಕ್ರೂ ಹಾಕಲು ಅದು ಇದ್ದರೆ ಒಳ್ಳೆಯದು. ಇಲ್ಲದಿದ್ದರೂ, ಇಂಥ ಆಪರೇಶನ್ ಮಾಡಿ ನುರಿತ ಕೈಯಾದರೆ ಆ ಕಾರಣಕ್ಕೆ ಬೇಡ ಎನ್ನುವುದಿಲ್ಲ.

ನಿಮ್ಮ ಮನೆಯಲ್ಲಿ ಎಲ್ಲರನ್ನೂ ಕಾಡುವುದು "ಮಲಗಿದಲ್ಲೇ" ಎಂಬ ಮಾತು ತಾನೇ? ಬೆನ್ನುಹುರಿ ದೊಡ್ಡವರಲ್ಲಿ ಸೊಂಟದ ಮೊದಲನೇ ಅಥವಾ ಎರಡನೇ ಮೂಳೆಯ ಹತ್ತಿರ ಮುಗಿದುಹೋಗುತ್ತದೆ. ಅದರಿಂದ ಕೆಳಗೆ ಇರುವುದು ಬಿಡಿ ನರಗಳ ಗೊಂಚಲು. ನಾಲ್ಕು-ಐದನೇ ಮೂಳೆಯ ಆಪರೇಶನ್ನಿನಲ್ಲಿ ಎರಡೂ ಕಾಲು ಪೂರ್ತಿ ಹೋಗುವುದು ತೀರಾ ಅಪರೂಪ. ಒಂದು ನರಕ್ಕೆ ಪೆಟ್ಟಾಗಿ ಪಾದ ಎತ್ತಲು ಆಗದಿರುವುದು ಮಾತ್ರ ನಿಜವಾದ ಅಪಾಯ. ಸಿದ್ದಕಟ್ಟೆಯವರಿಗೆ ಆದದ್ದು ಅದೇ ಇರಬಹುದು. ಆದರೆ ವರ್ಷಗಟ್ಟಲೆ ಒತ್ತಿಹೋದ ನರ ಆಪರೇಶನ್ ಆದ ಮೇಲೂ ಚೇತರಿಸದೆ ಉಳಿಯುವುದು ಉಂಟು. ಅವರ ಪಾದ ಆಪರೇಶನ್ನಿಗೆ ಮೊದಲೇ ಸೋತಿತ್ತೋ ಎಂದು ನೀವು ಒಮ್ಮೆ ಮೆತ್ತಗೆ ಕೇಳಿ ನೋಡಬಹುದು. ತಡವಾದದ್ದೂ ಕಾರಣ ಆಗಿರಬಹುದು.

ನನಗೆ ಇದೆಲ್ಲಕ್ಕಿಂತ ಮುಖ್ಯವಾಗಿ ಕಂಡ ಪ್ರಶ್ನೆ ನಿಮ್ಮ ಪತ್ರದಲ್ಲಿ ಬರಲೇ ಇಲ್ಲ. ಅಮ್ಮನಿಗೆ ಸ್ಕ್ರೂ ಬೇಕೇ ಬೇಕೇ?

ಈ ಆಪರೇಶನ್ನಿನಲ್ಲಿ ಎರಡು ಕೆಲಸಗಳು ಇರುತ್ತವೆ. ನರದ ಮೇಲೆ ಒತ್ತುತ್ತಿರುವ ಮೂಳೆ, ದಪ್ಪಗಾದ ಪದರ ತೆಗೆದು ದಾರಿ ಬಿಡಿಸುವುದು ಒಂದು. ಜಾರಿದ ಮೂಳೆಗಳನ್ನು ಸ್ಕ್ರೂ, ಸರಳು ಹಾಕಿ ಒಂದಕ್ಕೊಂದು ಬೆಸೆಯುವುದು ಇನ್ನೊಂದು. ಕಾಲಿನ ಸೆಳೆತಕ್ಕೆ ಪರಿಹಾರ ಸಿಗುವುದು ಹೆಚ್ಚಾಗಿ ಮೊದಲನೆಯದರಿಂದ. ನಾರ್ವೆಯ 16 ಆಸ್ಪತ್ರೆಗಳಲ್ಲಿ, ಹೀಗೆಯೇ ಒಂದು ಸಂದಿಯಲ್ಲಿ ಮೂಳೆ ಜಾರಿದ 267 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಾರಿ ಮಾತ್ರ ಬಿಡಿಸಿ, ಇನ್ನೊಂದಕ್ಕೆ ಸ್ಕ್ರೂ ಸಹ ಹಾಕಿ ಎರಡು ವರ್ಷ ನೋಡಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಸಾಕಷ್ಟು ಗುಣ ಕಂಡವರು ಸ್ಕ್ರೂ ಇಲ್ಲದ ಗುಂಪಿನಲ್ಲಿ ಶೇಕಡಾ 71.4, ಸ್ಕ್ರೂ ಹಾಕಿದ ಗುಂಪಿನಲ್ಲಿ ಶೇಕಡಾ 72.9. ಹೆಚ್ಚುಕಡಿಮೆ ಒಂದೇ. ಮತ್ತೆ ಆಪರೇಶನ್ ಬೇಕಾದವರು ಮಾತ್ರ ಸ್ಕ್ರೂ ಇಲ್ಲದವರಲ್ಲಿ ತುಸು ಜಾಸ್ತಿ ಇದ್ದರು.

ಇದನ್ನು ಓದಿ, ನಿಮ್ಮ ಡಾಕ್ಟರು ತಪ್ಪು ಹೇಳಿದ್ದಾರೆ ಎಂದು ತಿಳಿಯಬೇಡಿ. ಅಮ್ಮ ಬಗ್ಗಿದಾಗ ಒಂದು ಕಡೆ, ನೆಟ್ಟಗಾದಾಗ ಒಂದು ಕಡೆ ಮೂಳೆ ಸರಿಯುತ್ತಿದ್ದರೆ, ನರ ಹೊರಡುವ ಪಕ್ಕದ ಕಿಂಡಿಯೂ ಪೂರ್ತಿ ಮುಚ್ಚಿಹೋಗಿದ್ದರೆ, ಕಾಲಿಗಿಂತ ಸೊಂಟನೋವೇ ಹೆಚ್ಚಿದ್ದರೆ, ಸ್ಕ್ರೂ ಹಾಕಲು ಒಳ್ಳೆಯ ಕಾರಣ ಇರುತ್ತದೆ. ಅದು ತಿಳಿಯುವುದು ಎಂ.ಆರ್.ಐ. ಒಂದರಿಂದಲೇ ಅಲ್ಲ. ಅಮ್ಮನನ್ನು ನಿಲ್ಲಿಸಿ, ಮುಂದೆ ಬಗ್ಗಿಸಿ, ಹಿಂದೆ ಬಾಗಿಸಿ ತೆಗೆದ ಎಕ್ಸ್‌ರೇ ಬೇಕು. ಅದನ್ನು ತೆಗೆದಿದ್ದಾರೆಯೇ ನೋಡಿ. ಡಾಕ್ಟರ ಎದುರು ಕೂತು, "ನರದ ದಾರಿ ಮಾತ್ರ ಬಿಡಿಸಿದರೆ ಸಾಲದಾ ಸರ್? ಸ್ಕ್ರೂ ಏಕೆ ಬೇಕು?" ಎಂದು ಕೇಳಿ. ಅದಕ್ಕೆ ಸರಿಯಾದ ಉತ್ತರ ಕೊಡುವ ಡಾಕ್ಟರ ಹತ್ತಿರ ನ್ಯಾವಿಗೇಶನ್ ಇದೆಯೋ ಇಲ್ಲವೋ ಎಂಬುದು ಎರಡನೇ ಮಾತು. ಸ್ಕ್ರೂ ಬೇಡ ಎಂದಾದರೆ ನಿಮ್ಮ ನ್ಯಾವಿಗೇಶನ್ ಪ್ರಶ್ನೆಯೂ ಬಹುಮಟ್ಟಿಗೆ ಮುಗಿಯುತ್ತದೆ. ಫಿಸಿಯೋಥೆರಪಿ, ಮಾತ್ರೆ, ನರದ ಹತ್ತಿರ ಕೊಡುವ ಇಂಜೆಕ್ಷನ್, ಇವನ್ನೆಲ್ಲ ಕೆಲವು ವಾರ ಸರಿಯಾಗಿ ಪ್ರಯತ್ನಿಸಿ ಆಗಿದೆಯೇ ಎಂಬುದನ್ನೂ ಅದೇ ಉಸಿರಿನಲ್ಲಿ ಕೇಳಿಬಿಡಿ.

ಇನ್ನೊಂದು ಅಭಿಪ್ರಾಯ ಪಡೆಯುವುದರಿಂದ ಮೊದಲ ಡಾಕ್ಟರಿಗೆ ಅವಮಾನ ಆಗುವುದಿಲ್ಲ. ಎಂ.ಆರ್.ಐ.ಯ ಸಿ.ಡಿ.ಯನ್ನೂ ಎಕ್ಸ್‌ರೇಯನ್ನೂ ಕೇಳಿ ತೆಗೆದುಕೊಳ್ಳಿ, ಅದು ನಿಮ್ಮದೇ. ಮಂಗಳೂರಿನಲ್ಲಿ, ದೇರಳಕಟ್ಟೆಯಲ್ಲಿ, ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ಇವೆ. ಇಷ್ಟು ಹತ್ತಿರದಲ್ಲಿ ಇಷ್ಟು ಆಸ್ಪತ್ರೆ ಇರುವ ಭಾಗ್ಯ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಇಲ್ಲ. ಬೆನ್ನಿನ ಆಪರೇಶನ್ನನ್ನು ಮೂಳೆಯ ವೈದ್ಯರೂ ಮಾಡುತ್ತಾರೆ, ನರಶಸ್ತ್ರವೈದ್ಯರೂ ಮಾಡುತ್ತಾರೆ. ಮೊದಲು ನೋಡಿದವರು ಮೂಳೆಯವರಾದರೆ ಎರಡನೇ ಸಲ ನರದವರಿಗೆ ತೋರಿಸಿ.

ಅಣ್ಣನ ಪ್ರೀತಿ ನನಗೆ ಅರ್ಥವಾಗುತ್ತದೆ. ದೂರದಲ್ಲಿ ಇರುವವನಿಗೆ ಅಮ್ಮನಿಗಾಗಿ ಮಾಡಲು ಸಾಧ್ಯವಾಗುವುದು ದುಡ್ಡು ಕಳಿಸುವುದು, ಒಳ್ಳೆಯದನ್ನೇ ಕೊಡಿಸಬೇಕು ಎನ್ನುವುದು. ಆದರೆ ಆಪರೇಶನ್ ಒಂದು ದಿನದ ಕೆಲಸವಾದರೂ ಅದರ ನಂತರದ ಓಡಾಟ ತಿಂಗಳುಗಟ್ಟಲೆ ಇರುತ್ತದೆ. ಹೊಲಿಗೆ ಬಿಚ್ಚಲು ಹೋಗಬೇಕು, ಆರು ವಾರಕ್ಕೆ ತೋರಿಸಬೇಕು, ಮೂರು ತಿಂಗಳಿಗೆ ಎಕ್ಸ್‌ರೇ ಆಗಬೇಕು. ಗಾಯದಲ್ಲಿ ನೀರು ಕಂಡರೆ, ಜ್ವರ ಬಂದರೆ ಆಪರೇಶನ್ ಮಾಡಿದವರೇ ನೋಡಬೇಕು. ಪ್ರತಿ ಸಲ ಚಾರ್ಮಾಡಿಯನ್ನೋ ಶಿರಾಡಿಯನ್ನೋ ಹತ್ತಿ ಇಳಿಯುವುದು, ಅದೂ ಮಳೆಗಾಲದಲ್ಲಿ, ಹೊಸದಾಗಿ ಆಪರೇಶನ್ ಆದ ಸೊಂಟಕ್ಕೆ ಹಿಂಸೆ. ಮಂಗಳೂರಾದರೆ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ಅಮ್ಮನದು ಜಟಿಲವಾದ ಬೆನ್ನು, ಇಲ್ಲಿ ಮಾಡುವುದು ಕಷ್ಟ ಎಂದು ಇಲ್ಲಿನ ವೈದ್ಯರೇ ಹೇಳಿದರೆ ಆಗ ಬೆಂಗಳೂರಿನ ಮಾತು. ಇದನ್ನೇ ಅಣ್ಣನಿಗೆ ಓದಿ ಹೇಳಿ.

ಮಾವನ ಮಾತಿಗೆ ನಾನು ಇಷ್ಟು ನೇರವಾಗಿ ಬೇಡ ಎನ್ನುತ್ತೇನೆ: ಬೆನ್ನನ್ನು ಒತ್ತಿಸುವುದು, ತಿರುಚಿಸುವುದು, ತುಳಿಸುವುದು ಬೇಡವೇ ಬೇಡ. ಮೂಳೆ ಜಾರಿ ನರದ ದಾರಿ ಕಿರಿದಾಗಿರುವಾಗ ಅದು ಅಪಾಯ. ಬಿಸಿ ಎಣ್ಣೆ ಹಚ್ಚಿ ಮೆತ್ತಗೆ ನೀವಿ, ಬಿಸಿನೀರು ಸ್ನಾನ ಮಾಡಿಸಿದರೆ ತೊಂದರೆಯಿಲ್ಲ. ನೋವಿಗೆ ಅಷ್ಟು ಸಮಾಧಾನ ಸಿಕ್ಕರೆ ಸಿಗಲಿ. ಅಮ್ಮ ಏನಾದರೂ ಕಷಾಯ, ಚೂರ್ಣ ತೆಗೆದುಕೊಳ್ಳುತ್ತಿದ್ದರೆ ಆಪರೇಶನ್ನಿಗೆ ಮೊದಲು ಡಾಕ್ಟರಿಗೆ ಹೇಳಿ. ಆಸ್ಪಿರಿನ್‌ನಂಥ ರಕ್ತ ತೆಳುಮಾಡುವ ಮಾತ್ರೆ ಇದ್ದರಂತೂ ತಪ್ಪದೆ ಹೇಳಿ.

ನ್ಯಾವಿಗೇಶನ್‌ಗೂ ಮಿತಿ ಉಂಟು. ಬಿಗಿದ ಚೌಕಟ್ಟಿಗೆ ಯಾರದ್ದಾದರೂ ಕೈ ತಾಗಿ ತುಸು ಸರಿದರೆ ಪರದೆಯ ಚಿತ್ರ ತಪ್ಪಾಗುತ್ತದೆ, ಯಂತ್ರಕ್ಕೆ ಅದು ಗೊತ್ತೇ ಆಗುವುದಿಲ್ಲ. ಅದಕ್ಕಾಗಿ ಅನುಭವಿಗಳು ಗೊತ್ತಿರುವ ಮೂಳೆಯ ತುದಿಯೊಂದನ್ನು ಮುಟ್ಟಿ, ಪರದೆಯಲ್ಲಿಯೂ ಅದೇ ಕಾಣುತ್ತದೆಯೇ ಎಂದು ಆಗಾಗ ಪರೀಕ್ಷಿಸುತ್ತಾರೆ. ಸೋಂಕು, ನರದ ಹೊದಿಕೆ ಹರಿಯುವುದು, ಅರಿವಳಿಕೆಯ ತೊಂದರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಇವನ್ನು ಯಾವ ಕ್ಯಾಮೆರಾವೂ ತಡೆಯುವುದಿಲ್ಲ. ಮೂಳೆ ಟೊಳ್ಳಾಗಿದ್ದರೆ ಅತ್ಯಂತ ಸರಿಯಾದ ಜಾಗದಲ್ಲಿ ಹಾಕಿದ ಸ್ಕ್ರೂ ಕೂಡ ಸಡಿಲವಾಗಬಹುದು. ಮುಟ್ಟು ನಿಂತು ಇಷ್ಟು ವರ್ಷವಾದ ಹೆಂಗಸಿಗೆ ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸದೆ ಸ್ಕ್ರೂ ಹಾಕಿಸಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಮೊದಲು ಹತೋಟಿಗೆ ಬರಲಿ. ಎಲೆ-ಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇದ್ದರೆ ಈಗಲೇ ಬಿಡಿಸಿ, ನಿಕೋಟಿನ್ ಮೂಳೆ ಕೂಡಿಕೊಳ್ಳಲು ಅಡ್ಡಿ ಮಾಡುತ್ತದೆ. ಅಮ್ಮನ ಕಾಲಿಗಾಗಿ ಮನೆಯಲ್ಲಿ ನೀವು ಮಾಡಬಹುದಾದ ಕೆಲಸ ಇದು.

ಖರ್ಚಿನ ವಿಷಯ ನೀವು ಬರೆಯಲಿಲ್ಲ, ಆದರೂ ಹೇಳುತ್ತೇನೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ತುರ್ತು ಅಲ್ಲದ ಆಪರೇಶನ್ನಿಗೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕೇಳುತ್ತಾರೆ. ಆದ್ದರಿಂದ ಬೆಳ್ತಂಗಡಿಯ ತಾಲೂಕು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘದಲ್ಲಿದ್ದು ಸಂಪೂರ್ಣ ಸುರಕ್ಷಾ ಮಾಡಿಸಿದ್ದರೆ ಅದನ್ನೂ, ಸಹಕಾರಿ ಸಂಘದಲ್ಲಿ ಯಶಸ್ವಿನಿ ಮಾಡಿಸಿದ್ದರೆ ಅದನ್ನೂ ತೆಗೆದಿಟ್ಟುಕೊಳ್ಳಿ. ನ್ಯಾವಿಗೇಶನ್ ಖರ್ಚು ಪ್ಯಾಕೇಜಿನ ಒಳಗೆ ಬರುತ್ತದೋ ಬೇರೆ ಬಿಲ್ ಆಗುತ್ತದೋ ಎಂದು ಅಡ್ಮಿಟ್ ಆಗುವ ಮೊದಲೇ ಬರೆಯಿಸಿಕೊಳ್ಳಿ. ಆ ಒಂದು ಬಾಬತ್ತಿಗಾಗಿ ಬಂಗಾರ ಅಡವಿಡುವ ಹಾಗಿದ್ದರೆ ಬೇಡ ಎಂದೇ ನನ್ನ ಅಭಿಪ್ರಾಯ.

ಬೆನ್ನಿನ ಮಾತು ಬಂದಾಗ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ತಾಲೂಕಿನವರಿಗೆಲ್ಲ ಹೇಳಬೇಕಾದದ್ದು ಒಂದು ಉಂಟು. ಅಡಿಕೆ ಮರದಿಂದ ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ರಿಕ್ಷಾದಲ್ಲಿ ಕೂರಿಸಿ ತರುವುದು ಇನ್ನೂ ನಿಂತಿಲ್ಲ. ಬಿದ್ದಾಗ ಉಳಿದಿದ್ದ ಬೆನ್ನುಹುರಿ ಹೀಗೆ ತರುವಾಗ ಕೆಡಬಹುದು. ಅಲುಗಾಡಿಸದೆ 108ಕ್ಕೆ ಫೋನ್ ಮಾಡಿ. ಎತ್ತಲೇಬೇಕಾದರೆ ನಾಲ್ಕೈದು ಜನ ಸೇರಿ ತಲೆ, ಬೆನ್ನು, ಸೊಂಟ ಒಂದೇ ಸಾಲಿನಲ್ಲಿ ಇರುವಂತೆ ಹಲಗೆಯ ಮೇಲೆ ಮಲಗಿಸಿ. ಅಂಥ ಪೆಟ್ಟಿನಿಂದ ಕಾಲಿನ ಬಲ ಕಳೆದುಕೊಂಡವರಿಗೆ ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲಿ ಕನ್ಯಾಡಿಯ ಸೇವಾಭಾರತಿಯವರ ಸೇವಾಧಾಮ ಎಂಬ ಪುನಶ್ಚೇತನ ಕೇಂದ್ರ ಇದೆ. ದೋಟಿಯಿಂದ ಕೊಯ್ಯುವುದು, ಬಂಟ್ವಾಳದ ಸಜಿಪಮೂಡದ ಗಣಪತಿ ಭಟ್ಟರು ಮಾಡಿದಂಥ ಮರ ಏರುವ ಬೈಕು ಬಳಸುವುದು, ಇವೆಲ್ಲ ಬಂದಿರುವಾಗ ಒದ್ದೆ ಮರಕ್ಕೆ ಮೈಲುತುತ್ತು ಬಿಡಲು ಜನರನ್ನು ಹತ್ತಿಸುವ ಮೊದಲು ತೋಟದವರು ಎರಡು ಸಲ ಯೋಚಿಸಬೇಕು.

ಕೊನೆಗೆ, ತಂಗೀ, ನಿಮ್ಮ ಪತ್ರದಲ್ಲಿ ಮಾವನ ಮಾತು ಇತ್ತು, ಅಣ್ಣನ ಮಾತು ಇತ್ತು, ಡಾಕ್ಟರ ಮಾತು ಇತ್ತು. ಅಮ್ಮ ಏನು ಹೇಳುತ್ತಾರೆ ಎಂದು ಎಲ್ಲಿಯೂ ಇರಲಿಲ್ಲ. ಬಸ್ ಸ್ಟಾಪಿನವರೆಗೆ ಎರಡು ಸಲ ಕೂತು ಹೋದರೂ ಸಾಕು, ಆಪರೇಶನ್ ಬೇಡ ಎನ್ನುತ್ತಾರೋ, ಮೊಮ್ಮಕ್ಕಳನ್ನು ಎತ್ತಿಕೊಂಡು ಜಾತ್ರೆಗೆ ಹೋಗಬೇಕು ಎನ್ನುತ್ತಾರೋ, ಅದರ ಮೇಲೆಯೇ ಈ ತೀರ್ಮಾನ ನಿಲ್ಲಬೇಕು. ಆಪರೇಶನ್ ಸರಿಯಾದರೆ ಕಾಲಿನ ಸೆಳೆತ ಕಡಿಮೆಯಾಗಿ ನಡಿಗೆ ಸುಧಾರಿಸುವ ಭರವಸೆ ಹೆಚ್ಚು. ಹಳೆಯ ಸೊಂಟನೋವು ಪೂರ್ತಿ ಹೋಗುತ್ತದೆ ಎಂಬ ಭರವಸೆ ಅಷ್ಟಿಲ್ಲ. ಇದನ್ನು ಅವರಿಗೆ ಬಿಡಿಸಿ ಹೇಳಿ. ಮುಂದಿನ ಸಲ ಡಾಕ್ಟರ ಕೋಣೆಗೆ ಹೋಗುವಾಗ ಅಮ್ಮನನ್ನು ಹೊರಗೆ ಬೆಂಚಿನಲ್ಲಿ ಕೂರಿಸಬೇಡಿ, ಒಳಗೆ ಕರೆದುಕೊಂಡು ಹೋಗಿ ಅವರಿಂದಲೇ ಮಾತಾಡಿಸಿ. ಅವರಿಗೆ ತುಳುವಿನಲ್ಲಿ ಹೇಳುವುದು ಸುಲಭವಾದರೆ ತುಳುವಿನಲ್ಲಿಯೇ ಹೇಳಲಿ.